ಎರೆ ಮಣ್ಣಿನ ಅಂಗಳ: ನೀರನ್ನು ಇಂಗಿಸೋದಲ್ಲ, ದಾಟಿಸೋದು

ದಾವಣಗೆರೆಯಲ್ಲಿ ನಾವು ಮನೆ ಕಟ್ಟಿದ ಬಡಾವಣೆ ಮೊದಲು ಹತ್ತಿ, ಜೋಳ ಬೆಳೀತಿದ್ದ ಅಪ್ಪಟ ಎರೆ ಹೊಲ, ಅಂದರೆ ಕಪ್ಪು ಜೇಡಿ ಮಣ್ಣು. ಸೈಟ್ ನೋಡಲು ಹೋದದ್ದು ಏಪ್ರಿಲ್‌ನಲ್ಲಿ. ನೆಲದಲ್ಲಿ ಅಂಗೈ ತೂರುವಷ್ಟು ಬಿರುಕು. ಒಂದು ಬಕೆಟ್ ನೀರು ಸುರಿದೆ, ಗಳಗಳ ಅಂತ ಒಳಗೆ ಹೋಯಿತು. ನೀರು ಚೆನ್ನಾಗಿ ಇಂಗುತ್ತೆ, ಚಿಂತೆ ಇಲ್ಲ ಅಂದುಕೊಂಡೆ. ಮನೆ ಮುಗಿದ ವರ್ಷ ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿ ಜೋರು ಮಳೆ ಬಂತು, ಹಿತ್ತಲಲ್ಲಿ ನಿಂತ ನೀರು 9 ದಿನ ಕದಲಲಿಲ್ಲ. ಬಟ್ಟೆ ಒಣಹಾಕಲು ಹೋದ ಅಮ್ಮನ ಒಂದು ಚಪ್ಪಲಿ ರಾಡಿಯೊಳಗೇ ಉಳಿಯಿತು. ಅದು ಸಿಕ್ಕಿದ್ದು ದೀಪಾವಳಿ ಹೊತ್ತಿಗೆ, ನೆಲ ಒಣಗಿ ಹಾರೆ ಹಾಕಿದಾಗ.

ಆಗ ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವ ತಪ್ಪೇ. 'ಮರಳು ಹೊಡೆಸಿ ಸಾರ್, ಮಣ್ಣು ಸಡಿಲ ಆಗುತ್ತೆ' ಅಂತ ಮೇಸ್ತ್ರಿ ಹೇಳಿದ. ಎರಡು ಟ್ರ್ಯಾಕ್ಟರ್ ಮರಳು ಹೊಡೆಸಿ, ಹಸಿ ಮಣ್ಣಿನಲ್ಲೇ ಕಲಸಿಸಿದೆ. ಬೇಸಿಗೆಗೆ ಅದು ಇಟ್ಟಿಗೆ ಆಯಿತು. ಆಗಲೇಬೇಕು ಅಲ್ವಾ? ಜೇಡಿ ಮಣ್ಣು, ಸ್ವಲ್ಪ ಮರಳು, ನೀರು, ತುಳಿತ, ಬಿಸಿಲು. ಇಟ್ಟಿಗೆ ಕೊಯ್ಯುವವರು ಮಾಡೋದೂ ಇದನ್ನೇ. ಮರಳಿನಿಂದ ಎರೆಯ ಗುಣ ನಿಜವಾಗಿ ಬದಲಾಗಬೇಕಾದರೆ ಅರ್ಧಕ್ಕಿಂತ ಜಾಸ್ತಿ ಮರಳೇ ಇರಬೇಕು. 30 ಅಡಿ ಉದ್ದ 10 ಅಡಿ ಅಗಲದ ಹಿತ್ತಲನ್ನು ಒಂದು ಅಡಿ ಆಳ ಸರಿ ಮಾಡಲು 150 ಘನ ಅಡಿಗಿಂತ ಹೆಚ್ಚು ಮರಳು ಬೇಕು, ಅಷ್ಟೇ ಮಣ್ಣು ಹೊರಗೆ ಹೋಗಬೇಕು, ಉಳಿದದ್ದು ಪುಡಿಪುಡಿಯಾಗಿ ಸಮನಾಗಿ ಬೆರೆಯಬೇಕು. ಅಷ್ಟು ದುಡ್ಡಿದ್ದರೆ ಬೇರೆ ಏನಾದರೂ ಮಾಡಬಹುದು.

ಹಾಗಾದರೆ ಈ ಮಣ್ಣಿನ ಒಳಗೆ ನಡೆಯೋದು ಏನು? ಇದು ತಿಳಿದರೆ ಮುಂದಿನದೆಲ್ಲ ಸುಲಭ, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲೋಣ. ಮರಳಿನ ಕಣ 0.05 ಮಿ.ಮೀ.ಯಿಂದ 2 ಮಿ.ಮೀ.ವರೆಗೆ ಇರುತ್ತದೆ. ಜೇಡಿಯ ಕಣ 0.002 ಮಿ.ಮೀ.ಗಿಂತ ಸಣ್ಣದು, ಕಣ್ಣಿಗೆ ಕಾಣೋದೇ ಇಲ್ಲ. ಕಣ ಇಷ್ಟು ಸಣ್ಣದಾದರೆ ಅವುಗಳ ನಡುವಿನ ಸಂದಿಯೂ ಅಷ್ಟೇ ಸಣ್ಣದು, ನೀರು ಹೊಕ್ಕರೂ ಅಲ್ಲೇ ಅಂಟಿಕೊಂಡು ನಿಲ್ಲುತ್ತದೆ. ಇದು ಎಲ್ಲ ಜೇಡಿ ಮಣ್ಣಿನ ಕಥೆ. ಎರೆಯಲ್ಲಿ ಇನ್ನೊಂದು ಇದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಜಾತಿಯ ಖನಿಜ ಕಡಕ್ ರೊಟ್ಟಿ ಪೇರಿಸಿಟ್ಟ ಹಾಗೆ ತೆಳು ಪದರ ಪದರವಾಗಿರುತ್ತದೆ. ನೀರು ಕಣಗಳ ನಡುವೆ ಮಾತ್ರವಲ್ಲ, ಈ ಪದರಗಳ ನಡುವೆಯೂ ನುಗ್ಗುತ್ತದೆ. ಪದರ ದೂರ ಸರಿದು ಮಣ್ಣು ಉಬ್ಬುತ್ತದೆ. ಒಣಗಿದಾಗ ಪದರ ಹತ್ತಿರ ಬಂದು ಮಣ್ಣು ಕುಗ್ಗುತ್ತದೆ, ನೆಲ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ನಾನು ಸುರಿದ ನೀರು ಮಣ್ಣಿಗೆ ಇಂಗಿರಲೇ ಇಲ್ಲ, ಬಿರುಕಿನೊಳಗೆ ಬಿದ್ದಿತ್ತು ಅಷ್ಟೆ. ಮೊದಲ ಎರಡು ಮಳೆಗೆ ಬಿರುಕು ಮುಚ್ಚಿತು, ಅಲ್ಲಿಗೆ ಬಾಗಿಲೂ ಮುಚ್ಚಿತು.

ಆಮೇಲೆ ನೀರು ಇಳಿಯುವ ವೇಗ ಗಂಟೆಗೆ 1ರಿಂದ 5 ಮಿ.ಮೀ. ಅಷ್ಟೇ. ಮರಳು ಮಣ್ಣಿನಲ್ಲಿ ಇದು 30 ಮಿ.ಮೀ. ಅಥವಾ ಅದಕ್ಕೂ ಜಾಸ್ತಿ. ನಿಮ್ಮ ಹಿತ್ತಲಲ್ಲಿ 4 ಇಂಚು ನೀರು ನಿಂತಿದೆ, ಗಂಟೆಗೆ 1 ಮಿ.ಮೀ. ಇಳಿಯುತ್ತಿದೆ ಅಂದರೆ ಖಾಲಿಯಾಗಲು 100 ಗಂಟೆ, ಅಂದರೆ ನಾಲ್ಕು ದಿನ ಬೇಕು. ಮನೆ ಕಟ್ಟುವಾಗ ಲಾರಿ, ಟ್ರ್ಯಾಕ್ಟರ್, ಜೆಸಿಬಿ ಓಡಾಡಿ ತುಳಿದ ಮಣ್ಣಾದರೆ ಇನ್ನೂ ನಿಧಾನ. ನಡುವೆ ಮತ್ತೊಂದು ಮಳೆ ಬಂದರೆ ಲೆಕ್ಕ ಮೊದಲಿನಿಂದ ಶುರು.

ಇದರಿಂದ ಒಂದು ಮಾತು ಹೊರಡುತ್ತದೆ. ಎರೆಯಲ್ಲಿ ನೀರನ್ನು ಕೆಳಗೆ ಕಳಿಸುವ ಆಸೆ ಬಿಡಬೇಕು. ಮೇಲ್ಮೈಯಲ್ಲೇ ಪಕ್ಕಕ್ಕೆ ಕಳಿಸಬೇಕು, ಅದೂ ಮಣ್ಣು ಕುಡಿದು ಉಬ್ಬುವ ಮೊದಲು.

ನಿಮ್ಮದು ಎರೆಯೇ ಅಂತ ನೋಡೋದು ಸುಲಭ. ದಾವಣಗೆರೆ, ಹರಿಹರದ ಬಯಲಿನಲ್ಲಿ, ಹಿರಿಯೂರು ಕಡೆ ಇದು ಬೇಕಾದಷ್ಟಿದೆ. ಆದರೆ ಒಂದೇ ಊರಿನಲ್ಲಿ ಒಂದು ಬೀದಿ ಎರೆ, ಆಚೆ ಬೀದಿ ಕೆಂಪು ಇರುವುದೂ ಉಂಟು. ಒಂದು ಹಿಡಿ ಮಣ್ಣಿಗೆ ನೀರು ಹಾಕಿ ರೊಟ್ಟಿ ಹಿಟ್ಟಿನ ಹಾಗೆ ನಾದಿ. ಬೆರಳು ದಪ್ಪ ಹೊಸೆದು ಕೋಡುಬಳೆ ಮಾಡಿ. ಬಳೆ ಒಡೆಯದೆ ಸುತ್ತಿಕೊಂಡರೆ ಗಟ್ಟಿ ಜೇಡಿ. ಅರ್ಧಕ್ಕೇ ಮುರಿದರೆ ನೀವು ಪುಣ್ಯವಂತರು. ಇನ್ನೊಂದು ಪರೀಕ್ಷೆ ಗುಂಡಿಯದು. ಒಂದು ಅಡಿ ಆಳದ ಗುಂಡಿ ತೆಗೆದು ನೀರು ತುಂಬಿ, ಪೂರ್ತಿ ಇಳಿಯಲು ಬಿಡಿ, ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯುತ್ತದೆ ಅಳೆಯಿರಿ. ಒಂದು ಇಂಚು ಇಳಿದರೆ ತೊಂದರೆ ಇಲ್ಲ. ಇದನ್ನು ಮಳೆಗಾಲದಲ್ಲೇ ಮಾಡಬೇಕು, ಬೇಸಿಗೆಯಲ್ಲಿ ಮಾಡಿದರೆ ಬಿರುಕು ನನಗೆ ಮೋಸ ಮಾಡಿದ ಹಾಗೆ ನಿಮಗೂ ಮಾಡುತ್ತದೆ.

ಮೊದಲು ಇಳಿಜಾರು, ಉಳಿದದ್ದೆಲ್ಲ ಆಮೇಲೆ

ಮುಂದಿನ ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ಬನ್ನಿ. ಸುಮ್ನೆ ನಿಂತು ನೋಡಿ. ನೀರು ಎಲ್ಲಿಂದ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ, ಎಲ್ಲಿ ತಡೆಯುತ್ತಿದೆ. ನಿಂತ ಜಾಗದ ಅಂಚಿಗೆ ಗೂಟ ಹೊಡೆಯಿರಿ, ಮಳೆ ನಿಂತ ಮೇಲೆ ಅದೇ ನಿಮ್ಮ ನಕ್ಷೆ. ನಾನು ಹೀಗೆ ನೋಡಿದಾಗ ಗೊತ್ತಾಗಿದ್ದು ಏನೆಂದರೆ, ನನ್ನ ಹಿತ್ತಲಿನ ನೀರಿನಲ್ಲಿ ಮುಕ್ಕಾಲು ಪಾಲು ಆಕಾಶದಿಂದ ನೇರ ಅಲ್ಲಿಗೆ ಬಿದ್ದದ್ದಲ್ಲ, ತಾರಸಿಯಿಂದ ಪೈಪಿನಲ್ಲಿ ಬಂದದ್ದು! 800 ಚದರ ಅಡಿ ತಾರಸಿಗೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 1,850 ಲೀಟರ್ ಆಗುತ್ತದೆ. 200 ಲೀಟರಿನ 9 ಡ್ರಮ್. ಅಷ್ಟನ್ನೂ ಒಂದೇ ಪೈಪು ಒಂದೇ ಮೂಲೆಯಲ್ಲಿ, ಅದೂ ಪಾಯದ ಬುಡಕ್ಕೇ ಸುರಿಯುತ್ತಿತ್ತು.

ಹಾಗಾಗಿ ಮೊದಲ ಕೆಲಸ ತಾರಸಿ ಪೈಪಿಗೆ ದಾರಿ ಮಾಡೋದು. ಸಂಪಿಗೆ ಬಿಡಬಹುದು. ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಚಿತ್ರದುರ್ಗದ ಪೂರ್ವಕ್ಕೆ ಹೋದ ಹಾಗೆ ಇನ್ನೂ ಕಡಿಮೆ. ಅಂಥದ್ದರಲ್ಲಿ ತಾರಸಿ ನೀರನ್ನು ಚರಂಡಿಗೆ ಬಿಡಲು ಮನಸ್ಸು ಒಪ್ಪಲ್ಲ. ಮೊದಲ ಮಳೆಯ ಕೊಳೆ ನೀರು ಬಿಟ್ಟು, ಜಾಲರಿ, ಫಿಲ್ಟರ್ ದಾಟಿಸಿ ಸಂಪಿಗೆ, ಸಂಪು ತುಂಬಿದ ಮೇಲೆ ಉಕ್ಕಿದ್ದು ಹೊರಗೆ. ದುರ್ಗದ ಕೋಟೆ ನೋಡಿದವರಿಗೆ ಇದು ಹೊಸದಲ್ಲ. ಮೇಲೆ ಬೆಟ್ಟದಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಒಂದು ತುಂಬಿದ ಮೇಲೆ ಮುಂದಿನದು ಯಾವುದು ಅಂತ ಅವರು ಮೊದಲೇ ಯೋಚಿಸಿದ್ದರು. ನಾವು 30-40 (30 ಅಡಿಗೆ 40 ಅಡಿ) ಸೈಟಿನಲ್ಲಿ ಒಂದು ಸಂಪು ಕಟ್ಟಿ, ಅದು ಉಕ್ಕಿದರೆ ಎಲ್ಲಿಗೆ ಹೋಗಬೇಕು ಅನ್ನೋದನ್ನೇ ಮರೀತೀವಿ.

ಎರಡನೇ ಕೆಲಸ ನೆಲದ ಓಟ, ಅಂದರೆ ನೀರು ಹರಿಯುವ ಇಳಿಜಾರು. ಮನೆ ಗೋಡೆಯಿಂದ ಆಚೆಗೆ 10 ಅಡಿಗೆ 6 ಇಂಚು ಇಳಿಯಬೇಕು. ಅಷ್ಟು ಜಾಗ ಯಾರ ಹತ್ತಿರ ಇದೆ? 5 ಅಡಿ ಇದ್ದರೆ 3 ಇಂಚು ಕೊಡಿ. ಕಲ್ಲು, ಸಿಮೆಂಟು ಹಾಸಿದ ಕಡೆ 10 ಅಡಿಗೆ ಎರಡೂವರೆ ಇಂಚು ಸಾಕು. ಕಣ್ಣಳತೆ ನಂಬಬೇಡಿ, ಗಾರೆಯವರು ಮಟ್ಟ ನೋಡುವ ನೀರು ತುಂಬಿದ ಪೈಪು ತರಿಸಿ. ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಅಂಗಳ ಎತ್ತರಿಸಲು ಎಲ್ಲರೂ ಎರೆಯ ಮೇಲೆ ಒಂದು ಲೋಡು ಕೆಂಪು ಮಣ್ಣೋ ಗರಸೋ (ಕಲ್ಲುಚೂರು ಬೆರೆತ ಒರಟು ಮಣ್ಣು) ಸುರಿದು ಹರಡುತ್ತಾರೆ. ನೀರು ಆ ಗರಸಿನೊಳಗೆ ಸಲೀಸಾಗಿ ಇಳಿಯುತ್ತದೆ, ಕೆಳಗಿನ ಎರೆಯ ಮೇಲೆ ಬಂದು ನಿಲ್ಲುತ್ತದೆ. ಮೇಲಿಂದ ನೋಡಿದರೆ ಒಣ, ಕಾಲಿಟ್ಟರೆ ಪಚಪಚ. ಆದ್ದರಿಂದ ಮೊದಲು ಎರೆಯ ಮೈಯನ್ನೇ ಓಟಕ್ಕೆ ಕೆತ್ತಿ ತುಳಿಸಬೇಕು, ಆಮೇಲೆ ಗರಸು. ಓಟ ಇರಬೇಕಾದ್ದು ಕೆಳಗಿನ ಪದರದಲ್ಲಿ.

ಮೂರನೆಯದು ಹೊರದಾರಿ. ಕಾಂಪೌಂಡ್ ಕಟ್ಟಿದ ದಿನ ನಿಮ್ಮ ಅಂಗಳ ತೊಟ್ಟಿ ಆಯಿತು ಅಂತ ತಿಳಿಯಿರಿ. ಬುಡದಲ್ಲಿ ನೀರು ಹೋಗಲು ಕಿಂಡಿ ಬಿಡಿಸಲೇಬೇಕು, ಇಲ್ಲದಿದ್ದರೆ ನಿಂತ ನೀರು ಒಂದು ಕಡೆ, ಉಬ್ಬುವ ಎರೆ ಇನ್ನೊಂದು ಕಡೆ ಒತ್ತಿ ಗೋಡೆ ವಾಲುತ್ತದೆ. ಹೊಸ ಬಡಾವಣೆಗಳಲ್ಲಿ ಹೊಟ್ಟೆ ಉಬ್ಬಿದ ಕಾಂಪೌಂಡ್ ನೋಡಿರುತ್ತೀರಿ. ಇನ್ನು ರಸ್ತೆ. ಪ್ರತಿ ಸಲ ಡಾಂಬರು ಬಿದ್ದಾಗ ಒಂದೆರಡು ಇಂಚು ಏರುತ್ತದೆ, ಮನೆ ಅಷ್ಟು ಇಳಿದ ಹಾಗೆ. ಚರಂಡಿಯ ತಳ ನಿಮ್ಮ ಹಿತ್ತಲಿಗಿಂತ ಮೇಲಿದ್ದರೆ ಇಳಿಜಾರು ಎಷ್ಟು ಕೊಟ್ಟರೂ ಪ್ರಯೋಜನ ಇಲ್ಲ, ಒಂದು ಸಣ್ಣ ಗುಂಡಿಗೆ ನೀರು ಕೂಡಿಸಿ ಮೋಟಾರಿನಲ್ಲಿ ಎತ್ತಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ. ಮಳೆ ನೀರನ್ನು ಯುಜಿಡಿ (ಒಳಚರಂಡಿ) ಪೈಪಿಗೆ ಮಾತ್ರ ಸೇರಿಸಬೇಡಿ. ಅದನ್ನು ಕಟ್ಟಿರೋದು ಬಚ್ಚಲು, ಪಾಯಿಖಾನೆ ನೀರಿನ ಲೆಕ್ಕಕ್ಕೆ. ಬೀದಿಯವರೆಲ್ಲ ಸೇರಿಸಿದರೆ ಮ್ಯಾನ್‌ಹೋಲ್ ಉಕ್ಕಿ ತಗ್ಗಿನ ಮನೆಯವರ ಬಚ್ಚಲಲ್ಲಿ ಎದ್ದು ಬರುತ್ತದೆ. ಪಕ್ಕದವರ ಸೈಟಿಗೆ ತಿರುಗಿಸೋದೂ ಪರಿಹಾರ ಅಲ್ಲ, ಅವರೂ ನಾಳೆ ಒಂದು ಲೋಡು ಜಾಸ್ತಿ ಮಣ್ಣು ಹೊಡೆಸಿ ವಾಪಸ್ ಕಳಿಸುತ್ತಾರೆ.

ಇಂಗುಗುಂಡಿ ಆಗಲ್ವಾ?

ಎಲ್ಲರೂ ಕೇಳುವ ಪ್ರಶ್ನೆ. ಲೆಕ್ಕ ಹಾಕೋಣ. 3 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಕಲ್ಲು ತುಂಬಿದರೆ ಸಂದಿಗಳಲ್ಲಿ ಹಿಡಿಯೋದು 300 ಲೀಟರ್ ಅಷ್ಟೇ. ನಾಲ್ಕು ಬದಿ ಮತ್ತು ತಳ ಸೇರಿ 45 ಚದರ ಅಡಿ, ಗಂಟೆಗೆ 3 ಮಿ.ಮೀ. ಇಂಗುತ್ತದೆ ಅಂದರೂ ಗುಂಡಿ ಖಾಲಿಯಾಗಲು ಒಂದು ದಿನ ಪೂರ್ತಿ ಬೇಕು. ತಾರಸಿಯಿಂದ ಬರೋದು 1,850 ಲೀಟರ್. ಗುಂಡಿ ಹತ್ತು ನಿಮಿಷದಲ್ಲಿ ತುಂಬಿ ಸುಮ್ನೆ ಕೂರುತ್ತದೆ, ಸುತ್ತಲಿನ ಎರೆಯನ್ನು ಆಳದವರೆಗೆ ನೆನೆಸಿ ಉಬ್ಬಿಸುತ್ತದೆ. ಪಾಯದ ಹತ್ತಿರ ಇದ್ದರಂತೂ ದುಡ್ಡು ಕೊಟ್ಟು ಬಿರುಕು ತಂದ ಹಾಗೆ.

ಒಂದು ಸಂದರ್ಭದಲ್ಲಿ ಮಾತ್ರ ಇದು ಕೆಲಸ ಮಾಡುತ್ತದೆ. ಎರೆಯ ಕೆಳಗೆ ಎಷ್ಟೋ ಕಡೆ ಗರಸು ಸಿಗುತ್ತದೆ. ನಿಮ್ಮಲ್ಲಿ ಎರೆ 3-4 ಅಡಿಯಷ್ಟೇ ದಪ್ಪ ಇದ್ದರೆ, ಅದನ್ನು ದಾಟಿ ಗರಸು ಮುಟ್ಟುವ ಹಾಗೆ ಗುಂಡಿ ಇಳಿಸಿ. ಮನೆಯಿಂದ ಆದಷ್ಟು ದೂರ. ಪಾಯ ತೆಗೆಯುವಾಗ ಎಷ್ಟು ಅಡಿಗೆ ಗರಸು ಬಂತು ಅಂತ ಒಂದು ಕಡೆ ಬರೆದಿಟ್ಟುಕೊಂಡರೆ ಈ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೇ. ನಾನು ಬರೆದಿಡಲಿಲ್ಲ. ಮತ್ತೆ ಅಗೆಸಿದೆ.

ಯೂಟ್ಯೂಬಿನಲ್ಲಿ ಕಾಣುವ ಜಲ್ಲಿ ಕಾಲುವೆಯದೂ ಇದೇ ಕಥೆ. ನೆಲದಲ್ಲಿ ತೋಡು ತೆಗೆದು, ತೂತಿರುವ ಪೈಪು ಇಟ್ಟು, 20 ಎಂ.ಎಂ. ಜಲ್ಲಿ ತುಂಬಿ, ಮೇಲೆ ಮಣ್ಣು ಮುಚ್ಚಿ ಹುಲ್ಲು ಬೆಳೆಸೋದು. ಮರಳು ಮಣ್ಣಿನಲ್ಲಿ ಸುತ್ತಲಿನ ನೀರು ಜಿನುಗಿ ಪೈಪಿಗೆ ಬರುತ್ತದೆ. ಎರೆಯಲ್ಲಿ ಎರಡು ಅಡಿ ದೂರದ ನೀರೂ ಬರಲ್ಲ, ಮಣ್ಣು ಬಿಡಬೇಕಲ್ಲ! ಇಲ್ಲಿ ಅದಕ್ಕೆ ಬೆಲೆ ಬರೋದು ಜಲ್ಲಿಯನ್ನು ನೆಲಮಟ್ಟದವರೆಗೆ ತೆರೆದೇ ಬಿಟ್ಟಾಗ, ಆಗ ಮೇಲೆ ಹರಿಯುವ ನೀರು ನೇರ ಒಳಗೆ ಬೀಳುತ್ತದೆ. ಪೈಪಿನ ತೂತು ಕೆಳಮುಖ ಇರಲಿ, 100 ಅಡಿಗೆ ಕನಿಷ್ಠ 1 ಅಡಿ ಓಟ ಇರಲಿ, ಜಲ್ಲಿಯ ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಜಿಯೋ ಟೆಕ್ಸ್‌ಟೈಲ್ ಬಟ್ಟೆ ಸುತ್ತಿ, ಇಲ್ಲದಿದ್ದರೆ ಎರಡೇ ಮಳೆಗಾಲಕ್ಕೆ ಕೆಸರು ಕಟ್ಟಿಕೊಳ್ಳುತ್ತದೆ. ಕೊನೆಗೆ ಪೈಪು ಎಲ್ಲಾದರೂ ಹೊರಗೆ ಬಾಯಿ ಬಿಡಲೇಬೇಕು. ನನ್ನ ಕೇಳಿದರೆ, ಇಷ್ಟೆಲ್ಲ ಬದಲು ಎರಡು ಅಡಿ ಅಗಲ, ಆರು ಇಂಚು ಆಳದ, ತಟ್ಟೆಯಂತೆ ತೆರೆದ ಹುಲ್ಲುಗಾಲುವೆ ಒಳ್ಳೇದು. ಗರಿಕೆ ಹಬ್ಬಿಸಿ. ಕಸ ಕಟ್ಟಿದರೆ ಕಣ್ಣಿಗೆ ಕಾಣುತ್ತದೆ, ಪೊರಕೆಯಲ್ಲಿ ಹೋಗುತ್ತದೆ.

ಪಾಯದ ಪಕ್ಕದ ಮೂರು ಅಡಿ

ಎರೆ ಉಬ್ಬೋದಕ್ಕಿಂತ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಕುಗ್ಗೋದು ಕೆಟ್ಟದ್ದು. ಹಿತ್ತಲ ಗೋಡೆಯ ಬುಡ ಹಸಿ, ಮುಂದಿನ ಗೋಡೆಯ ಬುಡ ಒಣ ಆದರೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಬೇಸಿಗೆಯಲ್ಲಿ ಬಾಗಿಲು ಸರಿ, ಮಳೆಗಾಲದಲ್ಲಿ ಬಾಗಿಲು ಬಿಗಿ ಅಂದರೆ ಕಟ್ಟಿಗೆ ಒಂದನ್ನೇ ಬೈಯಬೇಡಿ. ಮನೆ ಸುತ್ತ 3 ಅಡಿ ಅಗಲ ಕಲ್ಲೋ ಕಾಂಕ್ರೀಟೋ ಹಾಸಿ, ಹೊರಗೆ ಓಟ ಕೊಟ್ಟು, ಗೋಡೆ ಸೇರುವ ಸಂದಿಯನ್ನು ಎಳೆದಾಡಿದರೂ ಬಿಡದ ಸೀಲೆಂಟಿನಲ್ಲಿ ಮುಚ್ಚಿ. ಗೋಡೆಗೆ ಅಂಟಿಸಿ ಹೂವಿನ ಮಡಿ ಮಾಡಿ ದಿನಾ ನೀರು ಹಾಕೋದು, ಬಚ್ಚಲು ಪೈಪು ಸೋರುತ್ತಿದ್ದರೂ ನಾಳೆ ನೋಡೋಣ ಅನ್ನೋದು, ಎರಡೂ ಪಾಯಕ್ಕೆ ಒಂದೇ.

ಪೇವರ್ ಹಾಕುವವರೂ ಕೇಳಿಸಿಕೊಳ್ಳಿ. ಎರೆಯ ಮೇಲೆ ನೇರ ಮರಳು ಹರಡಿ ಬ್ಲಾಕ್ ಜೋಡಿಸಿದರೆ ಮೊದಲ ವರ್ಷವೇ ಅಲೆ ಅಲೆ. ಒಂದು ಅಡಿ ಎರೆ ತೆಗೆದು, ತಳಕ್ಕೆ ಓಟ ಕೊಟ್ಟು, ಸ್ವಲ್ಪ ಜಿಗುಟು ಇರುವ ಗರಸನ್ನು ಎರಡು ಪದರದಲ್ಲಿ ನೀರು ಹಾಕಿ ದಮ್ಮಸ್ಸು ಮಾಡಿ. ಉಬ್ಬುವ ಮಣ್ಣಿನ ಮೇಲೆ ಉಬ್ಬದ ಆದರೆ ಅಂಟುವ ಮಣ್ಣಿನ ಪದರ ಹಾಕಿದರೆ ಕೆಳಗಿನ ಉಬ್ಬು ಹತೋಟಿಗೆ ಬರುತ್ತದೆ ಅಂತ ತೋರಿಸಿಕೊಟ್ಟವರು ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿ. ಎರೆ ಭೂಮಿಯ ನೀರಾವರಿ ನಾಲೆಗಳಿಗೆ ಬಂದ ವಿದ್ಯೆ ಅದು. ಅಲ್ಲಿ ಪದರ ಇನ್ನೂ ದಪ್ಪ, ನಮ್ಮ ಅಂಗಳಕ್ಕೆ ಒಂದು ಅಡಿಯಲ್ಲೇ ಬಹಳ ವ್ಯತ್ಯಾಸ ಕಾಣುತ್ತದೆ.

ಗಿಡ

ಗುಂಡಿ ತೋಡಿ, ಎರೆ ಹೊರಗೆ ಹಾಕಿ, ಒಳ್ಳೆ ಕೆಂಪು ಮಣ್ಣು ಗೊಬ್ಬರ ತುಂಬಿ ಗಿಡ ಇಡೋದು ನಮಗೆಲ್ಲ ಗೊತ್ತಿರುವ ಕ್ರಮ. ಎರೆಯಲ್ಲಿ ಆ ಗುಂಡಿ ಬಕೆಟ್ ಆಗುತ್ತದೆ. ಸುತ್ತಲಿನ ನೀರೆಲ್ಲ ಸಡಿಲ ಮಣ್ಣಿಗೆ ಇಳಿದು ಅಲ್ಲೇ ನಿಂತು ಬೇರು ಕೊಳೆಯುತ್ತದೆ. ನನ್ನ ಎರಡು ಪಪ್ಪಾಯ, ಒಂದು ನುಗ್ಗೆ ಹೀಗೇ ಹೋದವು. ಇವೆರಡಕ್ಕೂ ನಿಂತ ನೀರು ಆಗಲ್ಲ, ಪಪ್ಪಾಯಕ್ಕಂತೂ ಎರಡು ದಿನ ಸಾಕು. ಈಗ ಗುಂಡಿ ಬಿಟ್ಟು ದಿಣ್ಣೆ ಮಾಡುತ್ತೇನೆ. ಅದೇ ಎರೆಗೆ ಗೊಬ್ಬರ ಕಲಸಿ ಒಂದು ಒಂದೂವರೆ ಅಡಿ ಎತ್ತರದ ದಿಬ್ಬ, ಅದರ ನೆತ್ತಿಯ ಮೇಲೆ ಗಿಡ. ನಿಂಬೆ, ಕರಿಬೇವು, ದಾಸವಾಳ ಹೀಗೆ ಚೆನ್ನಾಗಿ ಬರುತ್ತವೆ. ನೀರು ಸ್ವಲ್ಪ ಹೊತ್ತು ನಿಲ್ಲುವ ತಗ್ಗಿಗೆ ಕಾಬಾಳೆ, ಕೆಸು, ಲಾವಂಚ. ಲಾವಂಚದ ಬೇರು ಆಳಕ್ಕೆ ನೆಟ್ಟಗೆ ಇಳಿಯುತ್ತದೆ, ಕೆಸರೂ ತಡೆಯುತ್ತದೆ, ಮಾರ್ಚ್‌ನ ಬಿಸಿಲೂ ತಡೆಯುತ್ತದೆ. ದೊಡ್ಡ ಮರ ಬೇಕೆಂದರೆ ನೇರಳೆಗೆ ಹಸಿ ನೆಲ ಒಗ್ಗುತ್ತದೆ, ಆದರೆ ಮರ ಎಷ್ಟು ಎತ್ತರ ಬೆಳೆಯುತ್ತದೋ ಪಾಯದಿಂದ ಅಷ್ಟು ದೂರ ಇರಬೇಕು. ದೊಡ್ಡ ಮರ ಬೇಸಿಗೆಯಲ್ಲಿ ಎರೆಯ ನೀರು ಹೀರಿ ನೆಲ ಕುಗ್ಗಿಸುತ್ತದೆ. 30-40 ಸೈಟಿನಲ್ಲಿ ಅದು ಆಗದ ಮಾತು.

ಮಣ್ಣನ್ನೇ ಸುಧಾರಿಸುವುದಾದರೆ ಮರಳಲ್ಲ, ಸೊಪ್ಪು ಸದೆ. ಕಳಿತ ಗೊಬ್ಬರದ ಅಂಟು ಜೇಡಿ ಕಣಗಳನ್ನು ಕೂಡಿಸಿ ಸಣ್ಣ ಹರಳು ಮಾಡುತ್ತದೆ, ಹರಳುಗಳ ನಡುವೆ ಗಾಳಿ ನೀರು ಆಡುತ್ತದೆ. ವರ್ಷಕ್ಕೆ 2-3 ಇಂಚು, ಮೇಲಿನ ಅರ್ಧ ಅಡಿಗೆ. ಸರಕಿಗೆ ನಮ್ಮ ಎರಡು ಜಿಲ್ಲೆಗಳಲ್ಲಿ ಬರ ಇಲ್ಲ. ಚನ್ನಗಿರಿ ಕಡೆ ರಸ್ತೆ ಬದಿ ರಾಶಿ ಬೀಳುವ ಅಡಿಕೆ ಸಿಪ್ಪೆ, ಚಳ್ಳಕೆರೆಯ ಶೇಂಗಾ ಸಿಪ್ಪೆ, ದಾವಣಗೆರೆ ಸುತ್ತಿನ ಮೆಕ್ಕೆಜೋಳದ ಬೆಂಡು, ಅಕ್ಕಿ ಗಿರಣಿಯ ಹೊಟ್ಟು. ಅಡಿಕೆ ಸಿಪ್ಪೆ, ಬೆಂಡು ಹಸಿಯಾಗಿ ಹಾಕಬೇಡಿ, ಸಗಣಿ ನೀರು ಹಾಕಿ ತಿಂಗಳುಗಟ್ಟಲೆ ಕೊಳೆಸಬೇಕು. ಗಿರಣಿ, ಭಟ್ಟಿಯ ಬೂದಿ ಸಿಕ್ಕಿತು ಅಂತ ಬುಟ್ಟಿಗಟ್ಟಲೆ ಸುರಿಯಬೇಡಿ, ಎರೆ ಮೊದಲೇ ಕ್ಷಾರ, ಬೂದಿಯೂ ಕ್ಷಾರ.

ಜಿಪ್ಸಂ ಬಗ್ಗೆಯೂ ಒಂದು ಮಾತು. ಅಂಗಡಿಯವರು ಎಲ್ಲ ಅಂಟು ಮಣ್ಣಿಗೂ ಜಿಪ್ಸಂ ಅನ್ನುತ್ತಾರೆ. ಅದು ಕೆಲಸ ಮಾಡೋದು ಸೋಡಿಯಂ ಜಾಸ್ತಿಯಾದ ಚೌಳು ಮಣ್ಣಿನಲ್ಲಿ, ಜಿಪ್ಸಂನ ಕ್ಯಾಲ್ಸಿಯಂ ಹೋಗಿ ಸೋಡಿಯಂ ಜಾಗದಲ್ಲಿ ಕೂರುತ್ತದೆ. ಮಾಮೂಲಿ ಎರೆಯಲ್ಲಿ ಕ್ಯಾಲ್ಸಿಯಂ ಆಗಲೇ ಬೇಕಾದಷ್ಟಿದೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಇದೆ.

ಯಾವ ಕೆಲಸಕ್ಕೂ ಹದ ಮುಖ್ಯ, ರೈತರಿಗೆ ಇದು ಹೇಳಿಕೊಡಬೇಕಿಲ್ಲ. ಹಸಿ ಎರೆ ಗುದ್ದಲಿಗೆ ಅಂಟಿ ಬೆಣ್ಣೆಯಂತೆ ಸವರಿಕೊಳ್ಳುತ್ತದೆ, ಇದ್ದ ಸಂದಿಯೂ ಮುಚ್ಚುತ್ತದೆ. ಪೂರ್ತಿ ಒಣಗಿದರೆ ಪಿಕಾಸಿ ಪುಟಿಯುತ್ತದೆ. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಆ ನಾಲ್ಕೈದು ದಿನ ಹಿಡಿಯಬೇಕು. ಬೇಸಿಗೆಯಲ್ಲಿ ಗಿಡದ ಬುಡಕ್ಕೆ ಒಣ ಎಲೆ, ಶೇಂಗಾ ಸಿಪ್ಪೆ ನಾಲ್ಕು ಇಂಚು ಹೊದಿಸಿದರೆ ಬಿರುಕು ಕಡಿಮೆ, ಬೇರು ತುಂಡಾಗೋದೂ ಕಡಿಮೆ.

ನಮ್ಮ ಹಿತ್ತಲಲ್ಲಿ ಈಗ ಗೋಡೆಯ ಸುತ್ತ ಹಾಸುಗಲ್ಲು, ಅದರಾಚೆ ಗರಿಕೆಯ ಕಾಲುವೆ, ಮೂಲೆಯಲ್ಲಿ ಕಾಬಾಳೆಯ ತಗ್ಗು, ಅಲ್ಲಿಂದ ಕಾಂಪೌಂಡ್ ಕಿಂಡಿ. ಜೋರು ಮಳೆಯ ಮಾರನೇ ದಿನ ಸಂಜೆಗೆ ಬಟ್ಟೆ ಒಣಹಾಕಬಹುದು. ಆ ಮರಳು ಕಲಸಿದ ಜಾಗ ಮಾತ್ರ ಹಾಗೇ ಇದೆ, ಹಾರೆಗೂ ಬಗ್ಗಲ್ಲ. ಅದರ ಮೇಲೆ ಬೈಕ್ ನಿಲ್ಲಿಸುತ್ತೇವೆ.